ತಾಂಬೂಲದ ಜೊತೆಗೆ ಕೊಟ್ಟ ಗಿಡ

ಎಂಬತ್ತರ ದಶಕದಲ್ಲಿ ನನ್ನ ಕೆಲಸವೆಂದರೆ, ಅಮೆರಿಕಾದ ವಾಲ್ನಟ್ ಕ್ರೀಕ್ ಊರಿನ ಆಚೆಗಿನ ಕಾಲುವೆಗಳಲ್ಲಿ ದೋಣಿಯೂ ಹೋಗದಂತೆ ಹಬ್ಬಿದ್ದ ಅಂತರಗಂಗೆ ಕಳೆಯನ್ನು ಕಿತ್ತೊಗೆಯುವುದು. ಅದರ ನೇರಳೆ ಹೂ ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಒಂದು ಗೌರಿ ಹಬ್ಬದಂದು ಪರಿಚಯದ ಡಾಕ್ಟರೊಬ್ಬರ ಹೆಂಡತಿ, ಮನೆ ತುಂಬ ಹೆಂಗಸರ ಎದುರಿಗೆ, ನನ್ನ ಉಗುರಿನ ಸಂದಿಯ ಕೆಸರು ನೋಡಿದರು. "ಕಳೆ ಕೀಳೋಕೆ ಅಮೆರಿಕಾವರೆಗೂ ಬರಬೇಕಿತ್ತೇನ್ರೀ?"

ಎಲ್ಲರೂ ನಕ್ಕರು. ಹಲ್ಲು ಕಚ್ಚಿಕೊಂಡು ನಾನೂ ನಕ್ಕೆ.

ಮರುವರ್ಷ ಅವರು ಬ್ಯಾಕ್‌ಯಾರ್ಡಿನಲ್ಲಿ ಮೀನಿನ ಕೊಳ ಕಟ್ಟಿಸಿದರು. ಅದರ ನೀರು ಯಾವ ಕಾಲುವೆಗೂ ಹರಿಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಶ್ರಾವಣ ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆದು, ತಾಂಬೂಲದ ಜೊತೆಗೆ ಹೂ ಬಿಟ್ಟ ಒಂದೇ ಒಂದು ಗಿಡ ಕೊಟ್ಟೆ. ತಾಂಬೂಲವನ್ನು ಬೇಡವೆನ್ನುವ ಹಾಗಿಲ್ಲವಲ್ಲ.

"ಇದರ ಹೆಸರೇನ್ರೀ?"

"ಅಂತರಗಂಗೆ. ಕೊಳದಲ್ಲಿ ಬಿಡಿ."

ಕಾಲುವೆಯ ಕಳೆ ಇದೇ ಎಂದು ಅವರಿಗೆ ಹೊಳೆಯಲಿಲ್ಲ. ಗಂಗೆಯೆಂದದ್ದೇ ತಡ, ಕಣ್ಣಿಗೊತ್ತಿಕೊಂಡರು.

ದಸರಾ ಹೊತ್ತಿಗೆ ಫೋನ್ ಬಂತು. "ಕೊಳಾನೇ ಕಾಣ್ತಿಲ್ಲ ಕಣ್ರೀ! ಮೀನೆಲ್ಲ ಸತ್ತೋದ್ವು. ಎಷ್ಟು ಕಿತ್ರೂ ಬರ್ತಾನೇ ಇದೆ. ಏನ್ ಮಾಡ್ಲಿ?"

"ಅಮೆರಿಕಾವರೆಗೂ ಬಂದಿದೀರಲ್ಲ," ಎಂದೆ. "ಕೀಳಿ."