ಸುತ್ತಿಗೊಂದು ರೂಪಾಯಿ

ಆ ಯೋಜನೆ ನನ್ನೊಬ್ಬನದೇ ಎಂದು ಈಗ ಬರೆದುಕೊಂಡರೆ ಅಲ್ಲ ಎನ್ನುವವರು ಯಾರೂ ಉಳಿದಿಲ್ಲ. ಆದರೆ ಅದು ಮೂವರದು: ನಾನು, ಸರ್ಕಾರಿ ಕಚೇರಿಯ ಒಬ್ಬ ಗುಮಾಸ್ತ, ಮಿಡ್ಲ್‌ಸ್ಕೂಲಿನ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಎರಡು ಕೋಣೆಯ ವಾಚನಾಲಯವೊಂದಿತ್ತು. ನಾವು ಮೂವರು ಅದರ ಕಮಿಟಿ. ಐವತ್ತರ ದಶಕದ ಮೊದಲ ವರ್ಷಗಳು. ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಅಕ್ಕಿಗೆ ಇನ್ನೂ ರೇಷನ್ ಇತ್ತು, ಅಷ್ಟು ಗೊತ್ತು.

ಮುಂದಿನ ಕೋಣೆ ಗಂಡಸರಿಗೆ. ಹಿಂದಿನದು ಹೆಂಗಸರಿಗೆ, ಮಧ್ಯಾಹ್ನ ಎರಡರಿಂದ ನಾಲ್ಕು. ಅಲ್ಲಿ ಒಂದು ಚಾಪೆ, ಒಂದು ಬೆಂಚು, ಮುಂದಿನ ಕೋಣೆಯವರು ಓದಿ ಬಿಟ್ಟ ಪತ್ರಿಕೆಗಳು. ನಮ್ಮ ಮನೆಯಲ್ಲೇ ಇದ್ದ ನನ್ನ ಸೋದರತ್ತೆ ದಿನವೂ ತಪ್ಪದೆ ಹೋಗುತ್ತಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು; ಆಗ ಐವತ್ತೈದು ದಾಟಿತ್ತು. ಮನೆಯಲ್ಲಿ ಅವಳು ಪುಸ್ತಕ ಹಿಡಿದು ಕೂತರೆ ಯಾರಿಗಾದರೂ ಕಾಫಿ ಬೇಕಾಗುತ್ತಿತ್ತು. ಹೆಚ್ಚಾಗಿ ನನಗೆ.

ಕಟ್ಟಡದ ಮಾಲೀಕ ಹಿಂದಿನ ಕೋಣೆಯನ್ನು ಎಣ್ಣೆ ಡಬ್ಬ ಇಡುವವರಿಗೆ ಕೊಡಲು ಹೊರಟಿದ್ದ. ನಮಗೇ ಬೇಕೆಂದರೆ ಒಂದು ವರ್ಷದ ಬಾಡಿಗೆ, ತೊಂಬತ್ತಾರು ರೂಪಾಯಿ, ಒಟ್ಟಿಗೆ ಇಡಬೇಕೆಂದ. ಸುದ್ದಿಯನ್ನು ಊಟದ ಹೊತ್ತಿನಲ್ಲಿ ನಾನೇ ಹೇಳಿದೆ. ಅತ್ತೆ ಎಷ್ಟು ರೂಪಾಯಿ ಎಂದು ಇನ್ನೊಮ್ಮೆ ಕೇಳಿ, ಹುಳಿ ಬಡಿಸಿದಳು.

ಚಂದಾ ಎತ್ತುವ ಧೈರ್ಯ ನಮಗಿರಲಿಲ್ಲ. ಗಣೇಶನಿಗೆ, ರಾಮನವಮಿಗೆ, ಸಂಗೀತಕ್ಕೆ ಕೊಟ್ಟು ಕೊಟ್ಟು ಬೀದಿ ದಣಿದಿತ್ತು. ರಸೀದಿ ಪುಸ್ತಕ ಕಂಡರೆ ಸಾಕು, ಯಜಮಾನರು ಮನೆಯಲ್ಲಿಲ್ಲ ಎಂದು ಯಜಮಾನರೇ ಒಳಗಿನಿಂದ ಹೇಳಿ ಕಳಿಸುತ್ತಿದ್ದರು. ಬರೀ ಕೇಳುವುದು ಬೇಡ, ಬೀದಿಯವರೆಲ್ಲ ಸೇರಿ ಏನಾದರೂ ಮಾಡಬೇಕು, ಮಾಡಿದ್ದಕ್ಕೆ ದುಡ್ಡು ಬರಬೇಕು ಎಂದರು ಮೇಷ್ಟ್ರು. ನಾಟಕವೆಂದರೆ ಪಾತ್ರಕ್ಕೆ ಜಗಳ. ಅಡುಗೆ ಸ್ಪರ್ಧೆಯೆಂದರೆ ಒಬ್ಬರ ಮನೆಯದನ್ನು ಇನ್ನೊಬ್ಬರು ತಿನ್ನುವುದಿಲ್ಲ. ಉಳಿದದ್ದು ನಡಿಗೆ. ರಸ್ತೆಯ ಕೊನೆಯ ಪುಟ್ಟ ಪಾರ್ಕನ್ನು ಸುತ್ತುವುದು. ಹೆಸರು ಕೊಟ್ಟ ಒಬ್ಬೊಬ್ಬರಿಗೂ ಒಬ್ಬ ದಾನಿ. ಸುತ್ತಿಗೆ ಇಷ್ಟೆಂದು ಆತ ಮೊದಲೇ ಒಪ್ಪಿಕೊಳ್ಳುವುದು.

ಇದರಲ್ಲಿ ನಮ್ಮ ಜಾಣತನವೂ ಇತ್ತು. ಕಾಲು ಗಟ್ಟಿಯಿದ್ದ ಹುಡುಗರಿಗೆ ಸುತ್ತಿಗೆ ಅರ್ಧ ಆಣೆ, ಒಂದಾಣೆ ಕೊಡುವ ದಾನಿಗಳನ್ನು ಹುಡುಕಿದೆವು. ವಯಸ್ಸಾದವರಿಗೆ ದೊಡ್ಡ ದರದ ಶ್ರೀಮಂತರು. ಬೋರ್ಡಿನ ಮೇಲೆ ದೊಡ್ಡ ಮನುಷ್ಯರ ಹೆಸರಿನ ಮುಂದೆ ದೊಡ್ಡ ದರ ಕಾಣುತ್ತದೆ, ವಯಸ್ಸಾದವರು ಐದಾರು ಸುತ್ತಿಗೆ ಕೂರುತ್ತಾರೆ, ಯಾರಿಗೂ ಹೊರೆಯಿಲ್ಲ. ಸುತ್ತುಗಳ ಸಂಖ್ಯೆ ಜಾಸ್ತಿ ಕಾಣಲೆಂದು ನೂರು ಹೆಜ್ಜೆಗೆ ಮುಗಿಯುವ ಪಾರ್ಕನ್ನೇ ಆರಿಸಿದ್ದೆವು. ಎಷ್ಟು ಗಂಟೆಗೆ ನಿಲ್ಲಿಸಬೇಕೆಂದು ನೋಟೀಸಿನಲ್ಲಿ ಬರೆಯಲಿಲ್ಲ. ತಾನಾಗಿ ನಿಲ್ಲುತ್ತದೆ ಎಂದುಕೊಂಡಿದ್ದೆವು.

ಅಕ್ಕಿಪೇಟೆಯ ಅಕ್ಕಿ ಮಂಡಿಯ ಯಜಮಾನರ ಬಳಿಗೆ ಹೋದವನು ನಾನು. ಹಣೆತುಂಬ ವಿಭೂತಿ, ಮಾತು ಕಡಿಮೆ. ಕೊಟ್ಟ ಮಾತು ತಪ್ಪದವರು. ಆದ್ದರಿಂದಲೇ ಮಾತು ಕೊಡಲು ಬಹಳ ಹೊತ್ತು ತೆಗೆದುಕೊಳ್ಳುವವರು. ರೇಷನ್ ಬಂದ ಮೇಲೆ ವ್ಯಾಪಾರ ಎಲ್ಲಿದೆ ಎಂದು ಕೇಳಿದರು. ನನ್ನ ಅತ್ತೆಯ ಹೆಸರಿಗೆ ಸುತ್ತಿಗೊಂದು ರೂಪಾಯಿ ಒಪ್ಪಿಕೊಳ್ಳಬೇಕೆಂದು ಕೇಳಿದೆ.

“ಎಷ್ಟು ಸುತ್ತು ಬರ್ತಾರೆ ಅವರು?”

“ಹೆಚ್ಚಂದ್ರೆ ಹನ್ನೆರಡು. ಕಾಲುನೋವು ಬೇರೆ.”

“ನೀವು ಹೇಳ್ತಿದೀರಲ್ಲ. ಬರ್ಕೊಳ್ಳಿ.”

ಕಾಲುನೋವು ನಾನು ಅಲ್ಲೇ ಸೇರಿಸಿದ್ದು.

ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು. ಜನ ನಾವೆಣಿಸಿದ್ದಕ್ಕಿಂತ ಹೆಚ್ಚಾಗಿಯೇ ಬಂದರು. ಹುಡುಗರು ಮೊದಲು ಓಡಿದರು, ಆಮೇಲೆ ನಡೆದರು, ಆಮೇಲೆ ಕಡಲೆಕಾಯಿ ಮಾರುವವನ ಸುತ್ತ ನಿಂತರು. ಅತ್ತೆ ಎಡಗೈಯಲ್ಲಿ ಒಂದು ಬಟ್ಟೆ ಚೀಲ ಹಿಡಿದಿದ್ದಳು. ಪ್ರತಿ ಸುತ್ತಿಗೂ ಗೇಟಿನ ಕಂಬದ ಬುಡದಲ್ಲಿ ಅದರಿಂದ ಒಂದು ಹುಣಸೆ ಬೀಜ ಹಾಕಿ ಮುಂದೆ ಹೋಗುತ್ತಿದ್ದಳು. ಹನ್ನೆರಡನೆಯ ಬೀಜ ಬಿದ್ದಾಗ ನಾನು ಚೀಲ ನೋಡಿದೆ. ಅದು ಕಮ್ಮಿಯಾದಂತೆಯೇ ಕಾಣಲಿಲ್ಲ.

ಆಗ ಹೊಳೆಯಿತು. ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸ್ಯದಲ್ಲಿ, ದಿನಕ್ಕೆ ನೂರೆಂಟರಂತೆ ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಹಾಕುವ ಹೆಂಗಸರು ಕಮಿಟಿಯ ಮೂವರ ಮನೆಯಲ್ಲೂ ಇದ್ದರು. ನಾವು ಹುಟ್ಟಿದಾಗಿನಿಂದ ನೋಡಿದ್ದೆವು. ಅದನ್ನು ನಡಿಗೆ ಎಂದು ಎಣಿಸಿರಲಿಲ್ಲ, ಅಷ್ಟೆ. ಅದು ದೇವರ ಕೆಲಸ.

ನನ್ನ ನೆನಪಿನಲ್ಲಿ ಅತ್ತೆ ಬರಿಗಾಲಲ್ಲಿ ನಡೆಯುತ್ತಾಳೆ. ಇದು ಬರೆಯಲು ಎಷ್ಟು ಅನುಕೂಲವಾಗಿದೆಯೆಂದರೆ ನನಗೇ ಅನುಮಾನ. ನನ್ನ ಹಳೆಯ ಚಪ್ಪಲಿ ಮೆಟ್ಟಿಕೊಂಡಿದ್ದಳು, ಅದು ದೊಡ್ಡದಾಗಿ ಪಟಪಟ ಬಡಿಯುತ್ತಿತ್ತು ಎನ್ನುತ್ತಾಳೆ ನನ್ನ ತಂಗಿ. ಅವಳದೇ ಸರಿಯಿರಬೇಕು. ಅಂಥದ್ದನ್ನು ಯಾರೂ ಕಟ್ಟಿ ಹೇಳುವುದಿಲ್ಲ.

ಮೂವತ್ತನೆಯ ಸುತ್ತಿನ ಸುಮಾರಿಗೆ ನಾನು ಪಕ್ಕದಲ್ಲಿ ಹೆಜ್ಜೆ ಹಾಕುತ್ತ, ಇನ್ನು ಸಾಕು, ಕೂತುಕೋ ಎಂದೆ.

“ನೂರೆಂಟು ಅಂತ ಸಂಕಲ್ಪ ಮಾಡ್ಬಿಟ್ಟಿದೀನಿ. ಅರ್ಧಕ್ಕೆ ಬಿಡಕ್ಕಾಗಲ್ಲ.”

“ಇದು ಅಶ್ವತ್ಥಕಟ್ಟೆ ಅಲ್ಲ ಅತ್ತೆ, ಪಾರ್ಕು.”

“ಮಧ್ಯ ಮರ ಇದೆಯಲ್ಲ.”

ಮಧ್ಯದಲ್ಲಿದ್ದದ್ದು ಹೊಂಗೆ ಮರ. ಯಜಮಾನರಿಗೆ ಹನ್ನೆರಡೆಂದು ಮಾತು ಕೊಟ್ಟುಬಿಟ್ಟಿದ್ದೇನೆ, ನನ್ನ ಮುಖಕ್ಕೆ ಮಸಿ ಬಳಿಯಬೇಡ ಎಂದು ಬೇಡಿಕೊಂಡೆ. ಅವಳು ಬೀಜ ಹಾಕಿ, ಮುಂದಿನ ಸುತ್ತಿಗೆ ತಿರುಗಿದಳು.

“ನೀನು ಹೇಳಿದ್ದು ನೀನು ನಡಿ. ನಾನು ಹೇಳ್ಕೊಂಡಿದ್ದು ನಾನು ನಡೀತೀನಿ.”

ಯಾರೋ ಮಂಡಿಗೆ ಸುದ್ದಿ ಮುಟ್ಟಿಸಿದ್ದರು. ಅರವತ್ತು ದಾಟಿದಾಗ ಯಜಮಾನರು ಜಟಕಾದಲ್ಲಿ ಬಂದಿಳಿದರು. ಮೇಷ್ಟ್ರು ಮುದ್ದಾದ ಅಕ್ಷರದಲ್ಲಿ ಬರೆದಿದ್ದ ಬೋರ್ಡಿನಲ್ಲಿ ತಮ್ಮ ಹೆಸರನ್ನೂ ಅದರ ಮುಂದಿನ ದರವನ್ನೂ ಓದಿದರು. ಕಲ್ಲುಬೆಂಚಿನ ಮೇಲೆ ಕೂತು ನಾಲ್ಕೈದು ಸುತ್ತು ನೋಡಿದರು. ಗೇಟಿನ ಹೊರಗೆ ಅರ್ಧ ಪೇಟೆ ನಿಂತಿತ್ತು. ಈಗ ಕೊಡುವುದಿಲ್ಲವೆಂದರೆ ಅವರ ಮಾತು ಹೋಗುತ್ತದೆ. ಕೊಟ್ಟರೆ ನನ್ನಿಂದ ಮೋಸ ಹೋದಂತೆ. ಹಿಂದಿನ ಕೋಣೆ ಉಳಿಯುವುದೂ ಎಣ್ಣೆ ಡಬ್ಬಕ್ಕೆ ಹೋಗುವುದೂ ಆ ಬೆಂಚಿನ ಮೇಲಿತ್ತು, ಏಕೆಂದರೆ ಉಳಿದವರದೆಲ್ಲ ಸೇರಿದರೂ ಇಪ್ಪತ್ತು ರೂಪಾಯಿ ದಾಟುವಂತಿರಲಿಲ್ಲ.

ಅವರು ಎದ್ದು ಹೋಗಿ ಅತ್ತೆಗೆ ಕೈಮುಗಿದರು. ಅವಳು ನಿಲ್ಲದ್ದರಿಂದ ಅವರೂ ನಡೆಯಬೇಕಾಯಿತು.

“ಅಮ್ಮಾ, ಬಿಸಿಲೇರ್ತಾ ಇದೆ. ಕೂತ್ಕೊಳ್ಳಿ. ನೂರೆಂಟಕ್ಕೂ ಕೊಟ್ಬಿಡ್ತೀನಿ.”

“ನಡೆದಿದ್ದಕ್ಕೆ ಕೊಡಿ, ಇಸ್ಕೋತೀವಿ. ಕೂತಿದ್ದಕ್ಕೆ ಕೊಟ್ರೆ ದಾನ ಆಗತ್ತೆ. ಆ ಕೋಣೆ ದಾನದ್ದು ಆಗೋದು ಬೇಡ ನಮಗೆ.”

ಆಮೇಲೆ ಕೊನೆಯವರೆಗೂ ಅವರು ಅವಳ ಜೊತೆ ನಡೆದರು ಎಂದು ಬರೆಯುವ ಆಸೆಯಿದೆ. ಹಾಗಾಗಲಿಲ್ಲ. ಆ ಒಂದು ಸುತ್ತು ಮುಗಿಸಿ, ಬೆಂಚಿಗೆ ಮರಳಿ, ಅಂಗವಸ್ತ್ರದಿಂದ ಮುಖ ಒರೆಸಿಕೊಂಡು, ಮುಗಿಯುವವರೆಗೂ ಕೂತಿದ್ದರು. ಹತ್ತು ಗಂಟೆ ದಾಟಿದ ಮೇಲೆ ಅತ್ತೆ ಕೊನೆಯ ಬೀಜ ಹಾಕಿ, ಚೀಲವನ್ನು ತಿರುವಿ ಕೊಡವಿ, ನೀರು ಕೇಳಿದಳು. ಕೈತಟ್ಟಿದವರು ಯಾರಾದರೂ ಇದ್ದರೋ ನೆನಪಿಲ್ಲ. ಅಡುಗೆಗೆ ಹೊತ್ತಾಯಿತೆಂದು ಹೊರಟಳು.

ಮರುದಿನ ಯಜಮಾನರು ನನ್ನನ್ನು ಮಂಡಿಗೆ ಕರೆಸಿದರು. ನಾನು ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅದಕ್ಕೆ ಎಡೆಯೇ ಸಿಗಲಿಲ್ಲ.

“ದುಡ್ಡು ಕಮಿಟಿ ಕೈಗೆ ಕೊಡಲ್ಲ. ಹನ್ನೆರಡು ಅಂದವರು ನೀವು. ನೂರೆಂಟು ಅಂದವರು ಆ ಅಮ್ಮ.”

ಹಿಂದಿನ ಕೋಣೆಯ ವರ್ಷದ ಬಾಡಿಗೆಯನ್ನು ನೇರವಾಗಿ ಮಾಲೀಕನಿಗೇ ಕಟ್ಟಿ, ರಸೀದಿಯನ್ನು ಅತ್ತೆಯ ಹೆಸರಿಗೆ ಬರೆಸಿದರು. ಮಿಕ್ಕಿದ್ದನ್ನು ಆ ಕೋಣೆಗೇ ಒಂದು ದಿನಪತ್ರಿಕೆ ತರಿಸಲು ಬಿಟ್ಟರು. ಹೀಗಾಗಿ ನಮ್ಮ ರಸ್ತೆಯ ಹೆಂಗಸರಿಗೆ ಯಾರೂ ಓದದ, ಮಡಿಕೆ ಬಿಚ್ಚದ ಪೇಪರು ಬರತೊಡಗಿತು.

ವರ್ಷ ತುಂಬುವ ಮೊದಲೇ ಮುಂದಿನ ಕೋಣೆ ಮುಚ್ಚಿತು. ಇದನ್ನು ಆ ಭಾನುವಾರದ ಫಲವೆಂದು ಹೇಳಿದರೆ ಕಥೆ ಚೆನ್ನಾಗಿ ಕೂರುತ್ತದೆ. ಕಮಿಟಿಯ ಮೇಲೆ ಯಜಮಾನರಿಗೆ ನಂಬಿಕೆಯಿಲ್ಲವೆಂದು ಪೇಟೆಗೆಲ್ಲ ಗೊತ್ತಾದದ್ದೂ ನಿಜ. ಆದರೆ ಗುಮಾಸ್ತರಿಗೆ ವರ್ಗವಾಯಿತು, ನನಗೆ ಮದುವೆಯಾಯಿತು, ಬಾಡಿಗೆ ಬಾಕಿ ಬಿತ್ತು. ಇವೂ ಕಾರಣಗಳೇ.

ಮೇಷ್ಟ್ರೂ ನಾನೂ ಒಂದು ಅರ್ಜಿ ಬರೆದೆವು: ಬೆಳಗಿನ ಹೊತ್ತು ಹಿಂದಿನ ಕೋಣೆಯಲ್ಲಿ ಗಂಡಸರು ಕೂತು ಓದಲು ಅನುಮತಿ ಬೇಕು. ಅದನ್ನು ಮನೆಯಲ್ಲೇ ಅತ್ತೆಯ ಕೈಗೆ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಕೋಣೆಗೆ ತಂದು ಕೊಡಬೇಕಂತೆ. ಉಳಿದ ಹೆಂಗಸರೂ ಓದಬೇಕಲ್ಲ. ಮಧ್ಯಾಹ್ನ ಎರಡೂವರೆಗೆ ಹೋಗಿ ಬಾಗಿಲಲ್ಲಿ ನಿಂತೆ. ಏಳೆಂಟು ಜನ ಚಾಪೆಯ ಮೇಲಿದ್ದರು. ಅರ್ಜಿ ಕೈಯಿಂದ ಕೈಗೆ ಹೋಯಿತು. ಒಬ್ಬಾಕೆ ಗಟ್ಟಿಯಾಗಿ ಓದಿದಳು. ಬೆಳಿಗ್ಗೆ ಪೇಪರು ಬಂದರೆ ಮೊದಲು ಯಾರು ಬಿಚ್ಚುವುದು ಎಂಬ ಬಗ್ಗೆ ಬಹಳ ಹೊತ್ತು ಚರ್ಚೆಯಾಯಿತು. ನಾನು ನಿಂತೇ ಇದ್ದೆ.

ಕೊನೆಗೆ ಅತ್ತೆ ಕನ್ನಡಕ ತೆಗೆದು ನನ್ನ ಕಡೆ ನೋಡಿ ಹೇಳಿದಳು: “ನಾಳೆ ಬಾ. ಇನ್ನೂ ತೀರ್ಮಾನ ಆಗಿಲ್ಲ.”