ಕೆಂಚಿಗೆ ತಿಳಿಯುವ ಮಾತು

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ಶನಿವಾರಸಂತೆ ಪಕ್ಕದ ನಮ್ಮೂರಲ್ಲಿ ವಿಶಾಲಾಕ್ಷಮ್ಮನಷ್ಟು ಮೆದು ಮಾತಿನವಳು ಇನ್ನೊಬ್ಬಳಿರಲಿಲ್ಲ. ಬೇಲಿ ನುಗ್ಗಿದ ಕೋಳಿಯನ್ನೂ ‘ಹೋಗಮ್ಮ’ ಅಂತಲೇ ಓಡಿಸುತ್ತಿದ್ದಳು. ಎಮ್ಮೆ ಕೆಂಚಿಯ ಹಾಲು ಕರೆಯಲು ಕೂತಾಗ ಮಾತ್ರ ಕೇಳಿದವರು ಕಿವಿ ಮುಚ್ಚಿಕೊಳ್ಳಬೇಕು. ಅದು ಅವಳ ತಪ್ಪಲ್ಲ. ಕೆಂಚಿಯನ್ನು ಕರುವಿನಿಂದ ಸಾಕಿದವಳು ಅವಳ ಅತ್ತೆ. ಆ ಮುದುಕಿಗೆ ಮುದ್ದು ಮಾಡುವುದಕ್ಕೂ ಬೈಗುಳವೇ ಗೊತ್ತಿದ್ದದ್ದು. ಅತ್ತೆ ತೀರಿಕೊಂಡ ಮೇಲೆ, ಬೈಯದೆ ಕೂತರೆ ಕೆಂಚಿ ಹಾಲನ್ನೇ ಇಳಿಸಲಿಲ್ಲ. ವಿಶಾಲಾಕ್ಷಮ್ಮ ಒಂದೊಂದಾಗಿ ಕಲಿತಳು. ಮರೆತಾಗ ಬೇಲಿಯಾಚೆಯಿಂದ ನಾನೇ ನೆನಪು ಮಾಡುತ್ತಿದ್ದೆ.

ಮಗಳು ಸರ್ವಮಂಗಳಳನ್ನು ತಮ್ಮ ಮಗನಿಗೆಂದು ನೋಡಲು ಯಸಳೂರು ಕಡೆಯಿಂದ ಶಿವಶಂಕರಪ್ಪನವರೂ ಅವರ ಹೆಂಡತಿಯೂ ಬಂದರು. ಮೊದಲು ಬಂದಿದ್ದ ಎರಡು ಕಡೆಯವರು ಕೊಟ್ಟಿಗೆಯ ಮಾತು ಕೇಳಿಯೇ ಹಿಂದಕ್ಕೆ ಹೋಗಿದ್ದರು. ಬೆಳಗಿನ ಹಾಲು ಪಾಯಸಕ್ಕೆ ಮುಗಿದಿತ್ತು. ಕಾಫಿಗೆ ಕೆಂಚಿಯೇ ಗತಿ.

“ಇವತ್ತೊಂದಿನ ಬಾಯಿ ಬಿಗಿ ಹಿಡ್ಯೇ” ಎಂದ ಗಂಡ ಮಹದೇವಪ್ಪ.

“ನನ್ ಬಾಯಿ ಹಿಡೀತೀನಿ. ಅದರ ಕೆಚ್ಚಲಿಗೆ ಯಾರು ಹೇಳ್ತಾರೆ?”

ಆದರೂ ಕೂತಳು. “ಕೊಡವ್ವ ನನ್ನ ಚಿನ್ನ.” ಕೆಂಚಿ ಕತ್ತು ತಿರುಗಿಸಿ, ಇವಳ್ಯಾರು ಎಂಬಂತೆ ನೋಡಿತು. ಬೈಗುಳದ ರಾಗದಲ್ಲೇ ಶಿವನ ಹೆಸರುಗಳನ್ನು ಕೂಗಿ ನೋಡಿದಳು. ಜಗಲಿಯಲ್ಲಿದ್ದ ಶಿವಶಂಕರಪ್ಪನವರು ಪಾಪ, ಪೂಜೆ ಅಂದುಕೊಂಡು ಕೈ ಮುಗಿದರು. ಕೆಂಚಿ ಮೋಸಹೋಗಲಿಲ್ಲ.

ಕೊನೆಗೆ ಸರ್ವಮಂಗಳ ಹೊಸ ಸೀರೆಯಲ್ಲೇ ಬಂದು ಅವ್ವನನ್ನು ಎಬ್ಬಿಸಿ ಕೂತಳು. “ಹಾಳಾದೋಳೆ, ಹಾಲ್ಗಳ್ಳಿ, ನಿನ್ ಕೊಂಬ್ ಮುರ್ದು ಒಲೆಗಿಕ್ಕ, ನೆಂಟ್ರ ಮುಂದೆ ನನ್ ಮಾನ ಕಳೀತೀಯೇನೆ?” ತಂಬಿಗೆಗೆ ಹಾಲು ಸುರ್ರೆಂದು ಬಿತ್ತು.

ಶಿವಶಂಕರಪ್ಪನವರು ಎದ್ದೇಬಿಟ್ಟರು. “ಈ ಬಾಯಿ ನಮ್ಮನೆಗೆ ಬೇಡ. ನಡಿಯೇ ಹೋಗಣ.”

ಹೆಂಡತಿ ಅಲ್ಲಿರಲಿಲ್ಲ, ಕೊಟ್ಟಿಗೆಯ ಬಾಗಿಲಲ್ಲಿ ನನ್ನ ಪಕ್ಕ ನಿಂತಿದ್ದರು. ಹುಡುಗಿ ಬಾಯಿ ತುಂಬ ಬೈಯುತ್ತ, ನಡುನಡುವೆ ಕೆಂಚಿಯ ಹೊಟ್ಟೆ ಸವರುತ್ತಿದ್ದಳು. ಕೆಂಚಿ ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಆಕೆ ಜಗಲಿಗೆ ಹೋಗಿ ಗಂಡನಿಗೆ ಹೇಳಿದರು: “ನೀವು ಬಾಯಿ ಕೇಳಿದ್ರಿ, ನಾನು ಕೈ ನೋಡ್ದೆ. ಇಪ್ಪತ್ತೈದು ವರ್ಷದಲ್ಲಿ ನೀವು ನನ್ನ ಒಂದು ಸಲ ಬೈದಿಲ್ಲ, ನಿಜ. ಹೆಂಗಿದ್ದೀಯ ಅಂತ್ಲೂ ಕೇಳಿಲ್ಲ.”

ಶಿವಶಂಕರಪ್ಪನವರು ಕೂತರು. ಕಾಫಿ ಬಂತು. ಲೋಟ ಖಾಲಿ ಮಾಡಿ ಕೆಳಗಿಟ್ಟರು.

“ಹಾಲು ಗಟ್ಟಿಯಾಗಿದೆ” ಎಂದರು ಅವರು.

ಮಹದೇವಪ್ಪ ಕಕ್ಕಾಬಿಕ್ಕಿಯಾಗಿ ಅವರ ಹೆಂಡತಿಯ ಮುಖ ನೋಡಿದ.

“ಹುಡುಗಿ ಒಪ್ಪಿಗೆ ಅಂತ ಅರ್ಥ” ಎಂದರು ಆಕೆ. “ಇವರ ಭಾಷೆ ಕಲಿಯೋಕೆ ನಂಗೂ ಹತ್ತು ವರ್ಷ ಹಿಡೀತು.”