ಮಹಬೂಬಿ ಅಕ್ಕನ ಕಚ್ಚಾ ಹೊಲಿಗೆ

ಕೊರೊನಾ ಮುಗಿದ ಮರುವರ್ಷ ನಾನು ಸವಣೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕನಾಗಿದ್ದೆ. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದವನು ನಾನು. ಸಾಲಿನ ಕೆಳಗೆ ಬೆರಳಿಟ್ಟು ಓದುವ ರೂಢಿ ಆಗಿನ್ನೂ ಹೋಗಿರಲಿಲ್ಲ.

ಗಂಡಸರು ಬರುತ್ತಿದ್ದುದು ಪೇಪರಿಗೆ. ಪುಸ್ತಕ ಒಯ್ಯುತ್ತಿದ್ದವರು ಹೆಂಗಸರು, ಅದೂ ಒಂದೇ ಕಪಾಟಿನಿಂದ. ಅದರಲ್ಲಿ ಪ್ರೇಮದ ಕಾದಂಬರಿಗಳಿದ್ದವು; ಕೆಲವು ಮಲಗುವ ಕೋಣೆಯ ಬಾಗಿಲು ದಾಟಿ ಒಳಗೂ ಹೋಗುವಂಥವು. ಹೊಸದಾಗಿ ಮದುವೆಯಾದವರಿಗೆ ಜಗಳದಿಂದ ಶುರುವಾಗುವ ಪ್ರೀತಿ ಬೇಕು. ನಡುವಯಸ್ಸಿನವರಿಗೆ ಹೆಂಡತಿಯ ಮಾತನ್ನು ಕೂತು ಕೇಳುವ ಗಂಡ ಇರಬೇಕು. "ಕಡೀಕ ಇಬ್ರೂ ಕೂಡ್ತಾರಿಲ್ರಿ ಸರ? ಕೂಡದಿದ್ರ ಬ್ಯಾಡ" ಎಂದು ಮಾತ್ರ ಎಲ್ಲರೂ ಕೇಳುವವರೇ. ಉತ್ತರ ಕೊಡಲಿಕ್ಕೆ ನಾನೂ ಓದಬೇಕಾಯಿತು. ನನ್ನ ಬೆರಳು ಸಾಲಿನಿಂದ ಎದ್ದದ್ದು ಆ ಕಪಾಟಿನಿಂದಲೇ.

ಬಸ್ ನಿಲ್ದಾಣದ ಎದುರು ಬ್ಲೌಸ್ ಹೊಲಿಯುತ್ತಿದ್ದ ಮಹಬೂಬಿ ಅಕ್ಕ ಎಲ್ಲರಿಗಿಂತ ಹೆಚ್ಚು ಓದುವವರು. ಒಂದು ಮಧ್ಯಾಹ್ನ ಅವರು ಪುಸ್ತಕ ಆರಿಸುತ್ತಿದ್ದಾಗ ಪಂಚಾಯಿತಿ ಸದಸ್ಯರಾದ ನಿಂಗನಗೌಡರು ಒಳಗೆ ಬಂದು ಒಂದು ಕಾದಂಬರಿಯನ್ನು ನನ್ನ ಮೇಜಿನ ಮೇಲೆ ಒಗೆದರು.

"ಏನೋ ಇದು? ಸೊಸಿ ಕಾಟಿನ ಮ್ಯಾಲ ಬಿಟ್ಟಿದ್ಲು. ಬೀಗರು ಬಂದು ಕುಂತಾವ್ರು ಸುಮ್ನ ತಗದ್ರು. ತಗದ್ರ ಇದ ಪಾನ, ಮಲಗೂ ಖೋಲಿ ಪುಟಾನ ಬರಬೇಕಾ? ನನ್ನ ಮಾನ ಹೋತು! ಮುಂದಿನ ಮೀಟಿಂಗಿನ್ಯಾಗ ಠರಾವು ಮಾಡಸ್ತೇನಿ. ಕಪಾಟೆಲ್ಲಾ ರದ್ದಿಗೆ."

ಕಪಾಟು ಹೋದರೆ ಹೆಂಗಸರು ಈ ಹೊಸ್ತಿಲು ತುಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮಹಬೂಬಿ ಅಕ್ಕ ಸೆರಗು ಸರಿಮಾಡಿಕೊಂಡರು. "ಗೌಡ್ರ, ಸೊಸಿ ಓದಿದ್ದಕ್ಕ ಸಿಟ್ಟೋ, ಬೀಗರು ನೋಡಿದ್ದಕ್ಕ ಸಿಟ್ಟೋ?"

ಗೌಡರು ತಡವರಿಸಿದರು. "ಬೀಗರು ನೋಡಿದ್ದಕ್ಕವಾ."

"ಹಂಗಾರ ಸರ, ಆ ಪುಸ್ತಕ ಕೊಡ್ರಿ ಇಲ್ಲೆ."

ಸೆರಗಿಗೆ ಚುಚ್ಚಿಕೊಂಡಿದ್ದ ದಾರದ ಸೂಜಿಯನ್ನು ತೆಗೆದು, ಆ ನಾಲ್ಕಾರು ಪುಟಗಳನ್ನು ಸೇರಿಸಿ ಅಂಚಿನಲ್ಲಿ ಉದ್ದುದ್ದ ಹೊಲಿಗೆ ಹಾಕಿಬಿಟ್ಟರು.

"ಕಚ್ಚಾ ಹೊಲಿಗಿರಿ ಇದು. ಬ್ಲೌಸಿನ ಅಳತಿ ನೋಡಾಕ ಹಾಕ್ತೀವಲ್ರಿ, ಅದ. ಇನ್ನ ಬೀಗರಿಗೆ ಈ ಪಾನ ಕಾಣಂಗಿಲ್ಲ. ಬೇಕಾದಾವ್ರು ದಾರ ಜಗ್ಗಿ ಓದ್ಲಿ, ಮತ್ತ ಹೊಲದು ಕೊಡ್ಲಿ."

ಗೌಡರು ಪುಸ್ತಕವನ್ನು ತಿರುವಿ ತಿರುವಿ ನೋಡಿದರು. "ಎಲ್ಲಾದಕ್ಕೂ ಹಾಕಬೇಕ ನೋಡವಾ ಮತ್ತ" ಎಂದು ಹೊರಟರು. ಠರಾವು ಬರಲಿಲ್ಲ.

ಇಡೀ ಕಪಾಟನ್ನು ಅಕ್ಕ ಪುಕ್ಕಟೆಯಾಗಿ ಹೊಲಿದುಕೊಟ್ಟರು. ಬಹಳ ದಿನ ಹಿಡಿಯಿತು. ಯಾಕೆಂದು ಕೇಳಿದರೆ, "ಎಲ್ಲಿ ಹೊಲೀಬೇಕಂತ ಓದಲಾರದ ಹೆಂಗ ಗೊತ್ತಾಗಬೇಕರಿ ಸರ?" ಎಂದು ನಕ್ಕರು.

ಪುಸ್ತಕಗಳು ಹೋಗುವಾಗ ಎಲ್ಲದಕ್ಕೂ ಬಿಳಿ ದಾರ. ಬರುವಾಗ ಗುಲಾಬಿ, ಗಿಳಿಹಸಿರು, ನೀಲಿ. ಬಿಳಿ ದಾರದಲ್ಲೇ ಮರಳಿದ ಪುಸ್ತಕ ನನಗೆ ನೆನಪಿಲ್ಲ.

ಗೋವಿನಜೋಳದ ರಾಶಿ ಮುಗಿದ ಹೊತ್ತಿಗೆ ಸೊಸೆ ಒಯ್ದಿದ್ದ ಪುಸ್ತಕವನ್ನು ಗೌಡರೇ ತಂದರು. ಪುಟಗಳನ್ನು ಸುತಳಿಯಿಂದ ಹೊಲಿಯಲಾಗಿತ್ತು, ಚೀಲದ ಬಾಯಿ ಹೊಲಿದಂತೆ. ದಬ್ಬಣದ ತೂತುಗಳು ಜೋಳದ ಕಾಳಿನಷ್ಟು ದೊಡ್ಡವು.

"ಸೊಸಿ ಕೊಟ್ಟು ಕಳಿಸ್ಯಾಳ" ಎಂದರು, ಗೋಡೆ ನೋಡುತ್ತ. ಆಮೇಲೆ ದನಿ ಇಳಿಸಿ, "ಇಂಥಾದ್ದು ಇನ್ನೊಂದು ಐತೇನು? ಸೊಸೀಗೆ."

"ಐತ್ರಿ ಗೌಡ್ರ. ಕಡೀಕ ಇಬ್ರೂ ಕೂಡ್ತಾರ್ರಿ."

ಗೌಡರು ತಲೆಯಾಡಿಸಿ, ನಾನು ಕೊಟ್ಟ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ನಡೆದರು.

ಸಂಜೆ ಸುತಳಿ ಬಿಚ್ಚುತ್ತ ಮಹಬೂಬಿ ಅಕ್ಕ, "ಇದು ಹೆಂಗಸರ ಕೈ ಅಲ್ರಿ" ಎಂದರು. ಯಾರದೆಂದು ಕೇಳದೆ, ತೂತುಗಳ ಪಕ್ಕದಲ್ಲಿ ಹೊಸದಾಗಿ ಬಿಳಿ ದಾರ ಹಾಕಿದರು.

ಪುಸ್ತಕ ಕೊಡುವಾಗ ಒಯ್ಯುವವರ ಮುಖವನ್ನು ಅಳೆಯಬಾರದು ಎಂಬುದನ್ನು ಈ ನೌಕರಿಯಲ್ಲಿ ನಾನು ಕಲಿತದ್ದು ಆ ಸಂಜೆ. ಈಗ ಹಾನಗಲ್ ಕಡೆ ಇದ್ದೇನೆ. ನನ್ನ ಮೇಜಿನ ಖಾನೆಯಲ್ಲಿ ಒಂದು ಬಿಳಿ ದಾರದ ರೀಲು, ಒಂದು ಸೂಜಿ ಇವೆ. ಆ ಹಳ್ಳಿ ಬಿಡುವಾಗ ಅಕ್ಕ ಕೊಟ್ಟದ್ದು. ರೀಲು ಅರ್ಧ ಮುಗಿದಿದೆ.